ಸುಣ್ಣಕಲ್ಲಿನ ಸೀಮೆ ಮತ್ತು ಒಬ್ಬ ನ್ಯಾಯಮೂರ್ತಿಯ ಎರಡು ತೀರ್ಪು

ಈ ಸಲದ ಟಿಪ್ಪಣಿ ತೊಗರಿ, ಜೋಳದ ಬಗ್ಗೆ ಇಲ್ರಿ. ಹೊಲದ ಕೆಳಗಿನ ಕಲ್ಲಿನ ಬಗ್ಗೆ, ಹೊಲದ ಮ್ಯಾಲೆ ಬೀಳೋ ಧೂಳಿನ ಬಗ್ಗೆ, ಮತ್ತ ಈ ಎರಡೂ ಥರದ ಕೇಸಿನಾಗ ದಿಲ್ಲಿಯ ಪೀಠದ ಮ್ಯಾಲೆ ಕೂತಿದ್ದ ಮಂಡ್ಯ ಜಿಲ್ಲೆಯ ಒಬ್ಬರ ಬಗ್ಗೆ. ಸ್ವಲ್ಪ ಉದ್ದ ಆಗ್ಯದ. ಪುರುಸೊತ್ತು ಇದ್ದಾಗ ಓದ್ರಿ.

ಯಾಕ ಬರೀಲಿಕತ್ತೀನಿ ಅಂದ್ರ, ಸೇಡಂ ಕಡೆಯ ಒಬ್ಬ ತಮ್ಮ ಕೇಳಿದ: "ಕಾಕಾ, ನಮ್ಮೂರ ಹತ್ರ ಹೊಸ ಖಣಿ ಬರ್ತದಂತ. ಸಭಾ ಕರದಾರ. ಹೋಗಿ ಏನಂತ ಮಾತಾಡೋದು? ಕಾಯ್ದೆ ನಮ್ಮ ಕಡೆ ಅದನೋ ಇಲ್ಲೋ?" ಒಂದು ಮಾತಿನಾಗ ಹೇಳೋ ಉತ್ತರ ಅಲ್ಲ ಇದು. ಅದಕ್ಕ ಹಿಂದಿನ ಚರಿತ್ರೆಯಿಂದ ಹೇಳ್ತೀನಿ.

ನಮ್ಮ ನೆಲ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ. ಈ ಊರುಗಳನ್ನ ಕಾಗಿಣಾ, ಮುಲ್ಲಾಮಾರಿ ಹೊಳೆ ಎಷ್ಟು ಕೂಡಿಸ್ಯಾವೋ ಅಷ್ಟೇ ಸುಣ್ಣಕಲ್ಲೂ ಕೂಡಿಸ್ಯದ. ಮ್ಯಾಲೆ ಎರೆ ಮಣ್ಣು, ಅದರ ಕೆಳಗ ಪದರ ಪದರಾಗಿ ಫರಸಿ. ನಮ್ಮ ಅಜ್ಜಂದಿರು ಅದನ್ನ ಎಬ್ಬಿಸಿ ಮನಿಗೆ ನೆಲ ಹಾಸಿದ್ರು, ಮಾಳಿಗಿ ಹೊಚ್ಚಿದ್ರು, ಬದುವಿಗೆ ನಿಲ್ಲಿಸಿದ್ರು. ಆಮೇಲೆ ಸಿಮೆಂಟಿನವರು ಬಂದ್ರು. ನಿಜಾಮರ ಕಾಲಕ್ಕೇ ಶಹಾಬಾದಿನಾಗ ಸಿಮೆಂಟ್ ಕಂಪನಿ ಇತ್ತು. 1936ರಲ್ಲಿ ಹತ್ತು ಕಂಪನಿ ಕೂಡಿ ಎ.ಸಿ.ಸಿ. ಆದಾಗ ಅದೂ ಅದರೊಳಗ ಸೇರಿತು. ನಂತರ ವಾಡಿ, ಸೇಡಂ, ಮಳಖೇಡ, ಚಿತ್ತಾಪುರ, ಚಿಂಚೋಳಿ ಅಂತ ಒಂದೊಂದೇ ಚಿಮಣಿ ಎದ್ದವು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದ್ದ ಜಾಗದ ಮಗ್ಗುಲಿಗೇ ಇವತ್ತು ಸಿಮೆಂಟಿನ ಲಾರಿ ಸಾಲು ನಿಂತಿರ್ತದ.

ಒಂದು ಟನ್ ಸಿಮೆಂಟಿಗೆ ಹೆಚ್ಚುಕಡಿಮೆ ಒಂದೂವರೆ ಟನ್ ಸುಣ್ಣಕಲ್ಲು ಬೇಕು. ಅದನ್ನ ಪುಡಿ ಮಾಡಿ ಸುಮಾರು 1450 ಡಿಗ್ರಿ ಕಾವಿನಾಗ ಸುಡಬೇಕು. ಕಲ್ಲಿದ್ದಲು ಬೇಕು, ಕರೆಂಟು ಬೇಕು. ಅಂದ್ರ ಸಿಮೆಂಟ್ ಕಾರ್ಖಾನೆ ಒಂದೇ ಆದ್ರೂ ಅದಕ್ಕ ಭೂಮಿ ಕಾಯ್ದೆ, ಗಣಿ ಕಾಯ್ದೆ, ಇಂಧನದ ಕಾಯ್ದೆ, ಪರಿಸರ ಕಾಯ್ದೆ ನಾಲ್ಕೂ ಬಂದು ಬಡೀತಾವ.

ಇನ್ನೊಂದು ಗೊತ್ತಿರಲಿ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ ಕಲಂ 70ರ ಪ್ರಕಾರ ಭೂಮಿಯೊಳಗಿನ ಖನಿಜದ ಹಕ್ಕು ಸಾಮಾನ್ಯವಾಗಿ ಸರ್ಕಾರದ್ದು. ಪಹಣಿಯಾಗ ನಮ್ಮ ಹೆಸರು ಇದ್ರೂ ಅದು ಮ್ಯಾಲಿನ ಮಣ್ಣಿಗೆ. ಹಂಗಾಗಿ ನಮ್ಮ ಕೈಯಾಗ ಉಳಿಯೋ ಪ್ರಶ್ನೆ ಮೂರು. ಮ್ಯಾಲಿನ ಭೂಮಿಗೆ ಏನು ಪರಿಹಾರ? ಧೂಳಿನ ಖರ್ಚು ಯಾರದು? ಕಲ್ಲಿನ ರೊಕ್ಕದಾಗ ಊರಿಗೆ ಏನು ಪಾಲು? ನಾನು ಹೇಳೋ ನ್ಯಾಯಮೂರ್ತಿಗಳ ಹೆಸರು ಎರಡನೇ ಪ್ರಶ್ನೆಗೂ ಬರ್ತದ, ಮೂರನೇದಕ್ಕೂ ಬರ್ತದ.

ಎಂಗಳಗುಪ್ಪೆಯಿಂದ ದಿಲ್ಲಿಗೆ

ಅವರ ಹೆಸರು ಇ.ಎಸ್. ವೆಂಕಟರಾಮಯ್ಯ. ಮೊದಲ ಅಕ್ಷರ ಎಂಗಳಗುಪ್ಪೆಯದು, ಅದು ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಹಳ್ಳಿ. ಹುಟ್ಟಿದ್ದು 1924ರ ಡಿಸೆಂಬರ್ 18. 1946ರಲ್ಲಿ ಮೈಸೂರು ಸಂಸ್ಥಾನದಾಗ ವಕೀಲಿಕೆ ಶುರು ಮಾಡಿದ್ರು. ಆಗ ನಮ್ಮ ಭಾಗ ಇನ್ನೂ ನಿಜಾಮರ ಕೈಯಾಗಿತ್ತು. ನಾವು 1948ರ ಸೆಪ್ಟೆಂಬರಿಗೆ ಭಾರತದಾಗ ಸೇರಿದ್ವಿ, ಅವರ ರಾಜ್ಯಕ್ಕ ಸೇರಿದ್ದು 1956ರ ನವೆಂಬರಿಗೆ.

ವೆಂಕಟರಾಮಯ್ಯನವರು ಮೈಸೂರು ಸರ್ಕಾರದ ಅಡ್ವೊಕೇಟ್ ಜನರಲ್ ಆದ್ರು. 1970ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ, 1979ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. 1989ರ ಜೂನ್ 19ರಿಂದ ಡಿಸೆಂಬರ್ 17ರವರೆಗೆ, ಅಂದ್ರ ಆರೇ ತಿಂಗಳು, ದೇಶದ 19ನೇ ಮುಖ್ಯ ನ್ಯಾಯಮೂರ್ತಿ. ಪತ್ರಿಕೆಗಳ ಕಾಗದದ ಮ್ಯಾಲಿನ ಸುಂಕದ ಕೇಸಿನಾಗ ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಅವರು ಬರೆದ ತೀರ್ಪನ್ನ ಕಾನೂನು ಓದೋರು ಇವತ್ತಿಗೂ ಓದ್ತಾರ. ನಮಗ ಬೇಕಾದದ್ದು ಅವರ ಇನ್ನೊಂದು ದಾರಿ.

ಮೊದಲ ಪರಿಸರ ಕೇಸೇ ಸುಣ್ಣಕಲ್ಲಿನದು

ಕಾಯ್ದೆ ಮೊದಲೇ ಇದ್ದವು. ನೀರಿನ ಮಾಲಿನ್ಯದ ಕಾಯ್ದೆ 1974ರದು, ಗಾಳಿಯದು 1981ರದು. ಕಾಗದದ ಮ್ಯಾಲೆ ಇದ್ದವು, ಅಷ್ಟೇ. 1984ರ ಡಿಸೆಂಬರಿನಾಗ ಭೋಪಾಲ್ ಆಯಿತು. ದೇಶ ಕಣ್ಣು ತೆರೀತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು.

ಅದಕ್ಕೂ ಮೊದಲು ಡೆಹ್ರಾಡೂನಿನ ಒಂದು ಸಂಸ್ಥೆಯವರು 1983ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದಿದ್ರು. ಮಸೂರಿ ಗುಡ್ಡದಾಗ ಸುಣ್ಣಕಲ್ಲಿನ ಖಣಿಗಳು ಗುಡ್ಡ ಕೆರೆದು ಹಾಕ್ಯಾವ, ನೀರಿನ ಸೆಲೆ ಬತ್ತ್ಯಾವ ಅಂತ. ಕೋರ್ಟು ಆ ಪತ್ರವನ್ನೇ ಅರ್ಜಿ ಅಂತ ತಗೊಂಡಿತು. 1985ರ ಮಾರ್ಚ್ 12ರ ಆದೇಶದಾಗ ಹಲವು ಖಣಿ ಮುಚ್ಚಿಸಿತು. ಪರಿಸರದ ಸಮತೋಲನದ ಬಗ್ಗೆ ದೇಶದಾಗ ಇಂಥ ಕೇಸು ಇದೇ ಮೊದಲು ಅಂತ ಕೋರ್ಟೇ ಹೇಳಿತು. ನೋಡ್ರಿ, ಶುರುವಾದದ್ದೇ ನಮ್ಮ ಕಲ್ಲಿನಿಂದ. ಆ ಪೀಠದಾಗ ವೆಂಕಟರಾಮಯ್ಯನವರು ಇರಲಿಲ್ಲ. ಅವರ ಸರದಿ ಎರಡು ವರ್ಷದ ನಂತರ ಬಂತು.

ಮೊದಲ ತೀರ್ಪು: ಹೊಲಸಿನ ಖರ್ಚು ಯಾರದು?

ಉತ್ತರ ಪ್ರದೇಶದ ಕಾನಪುರದಾಗ ಗಂಗಾ ದಂಡಿಗೆ ಜಾಜ್ಮೌ ಅಂತ ಜಾಗ. ಅಲ್ಲಿ ಚರ್ಮ ಹದ ಮಾಡೋ ಕಾರ್ಖಾನೆ ಭಾಳ. ಅವುಗಳ ಹೊಲಸು ನೀರು ಸೀದಾ ನದಿಗೆ. ಎಂ.ಸಿ. ಮೆಹ್ತಾ ಅನ್ನೋ ವಕೀಲರು ಸುಪ್ರೀಂ ಕೋರ್ಟಿಗೆ ಹೋದ್ರು. 1987ರ ಸೆಪ್ಟೆಂಬರ್ 22ಕ್ಕೆ ತೀರ್ಪು ಬಂತು. ಪೀಠದಾಗ ಇಬ್ಬರು, ವೆಂಕಟರಾಮಯ್ಯನವರು ಮತ್ತು ಕೆ.ಎನ್. ಸಿಂಗ್ ಅವರು.

ನೀರು ಶುದ್ಧ ಮಾಡೋ ಘಟಕ ಹಾಕಲಿಕ್ಕೆ ನಮಗ ತಾಕತ್ತಿಲ್ಲ ಅನ್ನೋ ಮಾತು ಕಾರ್ಖಾನೆಗಳ ಕಡೆಯಿಂದ ಇತ್ತು. ಅದಕ್ಕ ವೆಂಕಟರಾಮಯ್ಯನವರು ಬರೆದದ್ದರ ಸಾರ ಇಷ್ಟು: ಕನಿಷ್ಠ ಕೂಲಿ ಕೊಡಲಿಕ್ಕೆ ಆಗದ ಉದ್ಯಮಕ್ಕೆ ನಡೆಯೋ ಹಕ್ಕು ಹೆಂಗ ಇಲ್ಲವೋ, ಪ್ರಾಥಮಿಕ ಶುದ್ಧೀಕರಣ ಘಟಕ ಹಾಕಲಿಕ್ಕೆ ಆಗದ ಕಾರ್ಖಾನೆಗೂ ಹಂಗೇ ನಡೆಯೋ ಹಕ್ಕು ಇಲ್ಲ. ಘಟಕ ಹಾಕದ ಕಾರ್ಖಾನೆಗಳನ್ನ ಅಕ್ಟೋಬರ್ 1ರಿಂದ ನಿಲ್ಲಿಸಬೇಕು ಅಂತ ಆದೇಶ ಆಯಿತು. ಸಿಂಗ್ ಅವರು ಬ್ಯಾರೆ ಬರೆದು ಒಂದು ಮಾತು ಸೇರಿಸಿದ್ರು. ಕಾರ್ಖಾನೆ ಮುಚ್ಚಿದ್ರ ಕೆಲಸ ಹೋಗ್ತದ, ಸರ್ಕಾರದ ಆದಾಯ ಹೋಗ್ತದ, ಅದು ನಮಗೂ ಗೊತ್ತು. ಆದ್ರ ಜೀವ, ಆರೋಗ್ಯ, ಪರಿಸರ ಅದಕ್ಕಿಂತ ದೊಡ್ಡವು ಅಂತ.

ಕೂಲಿಗೆ ಹೋಲಿಸಿದ್ದು ನನಗ ಭಾಳ ಹಿಡಿಸ್ತು. ತೊಗರಿ ರಾಶಿ ಮಾಡಿಸಿ "ಈ ಸಲ ಧಾರಣಿ ಬಿದ್ದದ, ಕೂಲಿ ಕೊಡಲ್ಲ" ಅಂತ ನಾವು ಆಳಿಗೆ ಹೇಳಲಿಕ್ಕೆ ಬರ್ತದೇನ್ರಿ? ಇಲ್ಲ. ಕೂಲಿ ಅಂದ್ರ ಬೆಳಿ ಖರ್ಚಿನಾಗ ಮೊದಲೇ ಹಿಡಿಯೋ ಲೆಕ್ಕ. ಹಂಗೇ ಹೊಲಸು ತಡೆಯೋದೂ ಮೊದಲೇ ಹಿಡಿಯೋ ಲೆಕ್ಕ, ಲಾಭ ಬಂದ್ರ ಮಾಡೋ ಧರ್ಮ ಅಲ್ಲ ಅಂತ ಇದರ ಅರ್ಥ.

ಇದನ್ನ ನಮ್ಮ ಕಡೆಗೆ ತಂದು ನೋಡ್ರಿ. ಸಿಮೆಂಟ್ ಕಾರ್ಖಾನೆಯಾಗ ಧೂಳು ಹಿಡಿಯೋ ಬ್ಯಾಗ್ ಫಿಲ್ಟರ್ ಇರ್ತಾವ, ಇ.ಎಸ್.ಪಿ. ಅನ್ನೋ ಯಂತ್ರ ಇರ್ತದ. ಇ.ಎಸ್.ಪಿ. ಕರೆಂಟಿನ ಮ್ಯಾಲೆ ನಡೀತದ, ಚೀಲಗಳನ್ನ ಆಗಾಗ ಬದಲಿ ಮಾಡಬೇಕು. ಖಣಿಯಾಗ, ಲಾರಿ ದಾರಿಯಾಗ ದಿನಾ ನೀರು ಹೊಡೀಬೇಕು. ಎಲ್ಲದಕ್ಕೂ ರೊಕ್ಕ. ಆ ರೊಕ್ಕ ಉಳಿಸಿದ್ರ ಖರ್ಚು ಮಾಯ ಆಗಲ್ಲ, ಜಾಗ ಬದಲಿ ಮಾಡ್ತದ. ತೊಗರಿ ಹೂವಿನ ಮ್ಯಾಲೆ, ಎಲಿ ಮ್ಯಾಲೆ, ಎಮ್ಮಿ ತಿನ್ನೋ ಕಣಕಿ ಮ್ಯಾಲೆ, ಮುದುಕರ ಎದಿಯಾಗ ಬಂದು ಕೂಡ್ತದ. 1987ರ ತೀರ್ಪು ಹೇಳೋದು ಆ ಖರ್ಚು ಹೊರಗ ಹಾಕಬ್ಯಾಡ, ನಿನ್ನ ಲೆಕ್ಕದಾಗೇ ಬರ್ಕೋ ಅಂತ.

ಇದರ ಮುಂದಿನ ಭಾಗ 1988ರ ಜನವರಿ 12ರದು. ಇದನ್ನ ಬರೆದವರೂ ವೆಂಕಟರಾಮಯ್ಯನವರೇ. ಇದು ಕಾನಪುರದ ಮಹಾಪಾಲಿಕೆ ಮ್ಯಾಲೆ. ಎಂ.ಸಿ. ಮೆಹ್ತಾ ಅವರಿಗೆ ಗಂಗಾ ದಂಡಿಗೆ ಹೊಲ ಇರಲಿಲ್ಲ, ಆದ್ರೂ ಆ ನೀರು ಕುಡಿಯೋ ಮಂದಿ ಸಲುವಾಗಿ ಅವರು ಕೇಳಬಹುದು ಅಂತ ಕೋರ್ಟು ಒಪ್ಪಿತು. ಇದು ನಮಗ ಮುಖ್ಯ. ಧೂಳು ಬೀಳೋ ಹೊಲ ಅಣ್ಣನದಾದ್ರೂ ಊರಿನ ಮತ್ತೊಬ್ಬರು ನಿಂತು ಕೇಳಬಹುದು. ಅದೇ ತೀರ್ಪಿನಾಗ ಸಾಲಿಯಾಗ ಹತ್ತನೇತ್ತದವರೆಗೆ ವಾರಕ್ಕ ಕನಿಷ್ಠ ಒಂದು ತಾಸು ಪರಿಸರದ ಪಾಠ ಹೇಳಬೇಕು, ಪುಸ್ತಕ ಪುಕ್ಕಟೆ ಕೊಡಬೇಕು ಅಂತಲೂ ಹೇಳ್ಯಾರ.

ಆಮೇಲೆ ತಮಿಳುನಾಡಿನ ವೆಲ್ಲೂರು ಕಡೆಯ ಚರ್ಮದ ಕಾರ್ಖಾನೆಗಳ ಕೇಸಿನಾಗ, 1996ರಲ್ಲಿ, ಸುಪ್ರೀಂ ಕೋರ್ಟು ಇನ್ನೂ ಮುಂದಕ್ಕ ಹೋಯಿತು. ಕೆಡಿಸಿದವನೇ ಭರ್ತಿ ಮಾಡಬೇಕು. ಹಾನಿ ಆಗಲ್ಲ ಅಂತ ತೋರಿಸೋ ಭಾರ ಕಾರ್ಖಾನೆಯವನ ಮ್ಯಾಲೇ ಅಂತ ಹೇಳಿತು. 2010ರ ಹಸಿರು ನ್ಯಾಯಾಧಿಕರಣದ ಕಾಯ್ದೆಯಾಗ ಇದು ಅಕ್ಷರದಾಗೇ ಬಂದದ. ಬೆಳಿ ಹಾನಿಗೆ ಪರಿಹಾರ ಬೇಕಂದ್ರ ಹಾನಿ ಶುರುವಾದ ಐದು ವರ್ಷದೊಳಗ ಅಲ್ಲಿಗೆ ಅರ್ಜಿ ಹಾಕಬಹುದು. ದಕ್ಷಿಣದ ಪೀಠ ಚೆನ್ನೈನಾಗ ಅದ.

ಎರಡನೇ ತೀರ್ಪು: ಕಲ್ಲಿನ ರೊಕ್ಕ ಯಾರದು?

ಇಲ್ಲಿಯವರೆಗೆ ಎಲ್ಲಾ ನಮಗ ಹಿತ ಆಗೋ ಮಾತು. ಈಗ ಎರಡನೇದು.

ತಮಿಳುನಾಡಿನಾಗ ಇಂಡಿಯಾ ಸಿಮೆಂಟ್ಸ್ ಕಂಪನಿ ಸುಣ್ಣಕಲ್ಲು ತೆಗೆದು ಸರ್ಕಾರಕ್ಕ ರಾಯಲ್ಟಿ ಕಟ್ಟುತ್ತಿತ್ತು. ಮದ್ರಾಸ್ ಪಂಚಾಯತಿ ಕಾಯ್ದೆ ಪ್ರಕಾರ ಆ ರಾಯಲ್ಟಿ ಮ್ಯಾಲೆ ಒಂದು ಸೆಸ್ ಹಾಕಿದ್ರು. ಪಂಚಾಯತಿ ಕಾಯ್ದೆಯ ಸೆಸ್ ಅದು, ತಿಳೀತಲ್ರಿ. ಕಂಪನಿ ಕೋರ್ಟಿಗೆ ಹೋಯಿತು. ಏಳು ನ್ಯಾಯಮೂರ್ತಿಗಳ ಪೀಠ ಕೂತಿತು. ಅದರ ಮುಖ್ಯಸ್ಥರು ಆಗ ಮುಖ್ಯ ನ್ಯಾಯಮೂರ್ತಿ ಆಗಿದ್ದ ವೆಂಕಟರಾಮಯ್ಯನವರು. ತೀರ್ಪು ಬಂದದ್ದು 1989ರ ಅಕ್ಟೋಬರ್ 25, ಅವರು ನಿವೃತ್ತಿ ಆಗೋ ಎರಡು ತಿಂಗಳು ಮೊದಲು. ಬರೆದವರು ಸವ್ಯಸಾಚಿ ಮುಖರ್ಜಿ ಅವರು.

ತೀರ್ಪು ಹೇಳಿದ್ದು: ಖನಿಜದ ವಿಷಯ 1957ರ ಗಣಿ ಕಾಯ್ದೆಯಿಂದ ಕೇಂದ್ರದ ಕೈಗೆ ಹೋಗ್ಯದ. ರಾಯಲ್ಟಿ ಎಷ್ಟು ಅಂತ ಕೇಂದ್ರವೇ ಗೊತ್ತು ಮಾಡ್ತದ. ರಾಯಲ್ಟಿ ಅಂದ್ರ ತೆರಿಗೆ. ಅದರ ಮ್ಯಾಲೆ ರಾಜ್ಯ ಮತ್ತೊಂದು ಸೆಸ್ ಹಾಕಂಗಿಲ್ಲ. ಭೂಮಿ ಮ್ಯಾಲಿನ ತೆರಿಗೆ ಅಂತ ಹೆಸರು ಕೊಟ್ರೂ ನಡೆಯಲ್ಲ. ಅಲ್ಲಿಯವರೆಗೆ ವಸೂಲಾದ ರೊಕ್ಕ ಮಾತ್ರ ವಾಪಸ್ ಕೊಡಬೇಕಾಗಿಲ್ಲ ಅಂತ ಬಿಟ್ರು.

ಈಗ ಎರಡನ್ನೂ ಮಗ್ಗುಲಿಗೆ ಮಗ್ಗುಲು ಇಟ್ಟು ನೋಡ್ರಿ. 1987ರ ಮಾತು ಊರ ಪಕ್ಷದ್ದು. 1989ರ ಮಾತಿನ ಪರಿಣಾಮ ಊರ ಕೈಯಿಂದ ರೊಕ್ಕ ತಪ್ಪಿಸಿದ್ದು. ಹಂಗಂತ ಅದರೊಳಗ ಕಾರಣ ಇಲ್ಲ ಅನ್ನಂಗಿಲ್ಲ. ಒಂದೊಂದು ರಾಜ್ಯ ಒಂದೊಂದು ದರ ಹಾಕಿದ್ರ ದೇಶದಾಗ ಖನಿಜದ ಬೆಲೆಗೆ ಹದ ತಪ್ತದ ಅನ್ನೋದೂ ಒಂದು ವಾದ. ಆದ್ರ ಒಬ್ಬ ನ್ಯಾಯಮೂರ್ತಿ ಒಂದು ಕೇಸಿನಾಗ ನಮ್ಮ ಪರ ಬರೆದ್ರ ಎಲ್ಲಾದರಾಗೂ ನಮ್ಮ ಪರ ಅಂತ ತಿಳಿಯೋದು ಬ್ಯಾಡ. ಪರಿಸರದ ಲೆಕ್ಕ ಬ್ಯಾರೆ, ಸಂವಿಧಾನದಾಗ ಕೇಂದ್ರ-ರಾಜ್ಯದ ಪಾಲಿನ ಲೆಕ್ಕ ಬ್ಯಾರೆ.

ಸೇಡಂ ಮಂದಿಗೆ ಗೊತ್ತಿರೋ ಒಂದು ಹೆಸರು

ಈ ಚರಿತ್ರೆಯ ಮುಂದಿನ ತಿರುವಿನಾಗ ಬರೋ ಹೆಸರು ಕೇಸೋರಾಂ. ಸೇಡಂನ ವಾಸವದತ್ತಾ ಸಿಮೆಂಟ್ ಭಾಳ ವರ್ಷ ಇದೇ ಕೇಸೋರಾಂ ಇಂಡಸ್ಟ್ರೀಸಿನದು. ಆದ್ರ ಕೇಸು ಸೇಡಂನದಲ್ಲ, ಪಶ್ಚಿಮ ಬಂಗಾಳದ್ದು. ಕಲ್ಲಿದ್ದಲು, ಚಹಾ ತೋಟ, ಇಟ್ಟಂಗಿ ಮಣ್ಣಿನ ಮ್ಯಾಲಿನ ಸೆಸ್ಸಿನ ಕೇಸು. 2004ರ ಜನವರಿ 15ಕ್ಕೆ ಐವರ ಪೀಠ ಹೇಳಿದ್ದೇನಂದ್ರ, 1989ರ ತೀರ್ಪಿನಾಗ "ರಾಯಲ್ಟಿ ತೆರಿಗೆ" ಅಂತ ಬಿದ್ದದ್ದು ಕೈತಪ್ಪು. "ರಾಯಲ್ಟಿ ಮ್ಯಾಲಿನ ಸೆಸ್ ತೆರಿಗೆ" ಅಂತ ಇರಬೇಕಿತ್ತು. ಒಂದು ಶಬ್ದ ಬಿಟ್ಟದ್ದಕ್ಕ ಹದಿನೈದು ವರ್ಷದ ಜಗಳ! ನಮ್ಮ ಪಹಣಿಯಾಗ ಒಂದಕ್ಷರ ತಪ್ಪಿದ್ರ ತಹಶೀಲ ಕಚೇರಿಗೆ ಎಷ್ಟು ಸಲ ಅಡ್ಡಾಡ್ತೀವಿ, ಅದೇ ಕಥಿ.

ಏಳು ಮಂದಿ ಹೇಳಿದ್ದನ್ನ ಐದು ಮಂದಿ ತಿದ್ದಬಹುದೇನು ಅಂತ ಮತ್ತ ತಕರಾರು ಎದ್ದಿತು. 2011ರಲ್ಲಿ ಒಂಬತ್ತು ಮಂದಿಯ ಪೀಠಕ್ಕ ಒಪ್ಪಿಸಿದ್ರು. ತೀರ್ಪು ಬಂದದ್ದು 2024ರ ಜುಲೈ 25. ಎಂಟು ಮಂದಿ ಒಂದು ಕಡೆ: ರಾಯಲ್ಟಿ ತೆರಿಗೆ ಅಲ್ಲ, ರಾಜ್ಯಗಳು ಖನಿಜದ ಹಕ್ಕಿನ ಮ್ಯಾಲೆ, ಖನಿಜ ಇರೋ ಭೂಮಿ ಮ್ಯಾಲೆ ತೆರಿಗೆ ಹಾಕಬಹುದು. 1989ರ ತೀರ್ಪು ಬಿದ್ದುಹೋಯಿತು.

ಒಬ್ಬರು ಮಾತ್ರ ಒಪ್ಪಲಿಲ್ಲ. ಅವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ, ವೆಂಕಟರಾಮಯ್ಯನವರ ಮಗಳು. ಅಪ್ಪ ಕೂತಿದ್ದ ಪೀಠದ ತೀರ್ಪು ಸರಿ ಅದ ಅಂತ ಮಗಳು ಒಬ್ಬರೇ ಬರೆದ್ರು. ಅಪ್ಪನ ಮ್ಯಾಲಿನ ಮಮಕಾರಕ್ಕ ಬರೆದ್ರು ಅಂತ ಹಗುರಾಗಿ ಅನ್ನಬ್ಯಾಡ್ರಿ. ರಾಜ್ಯಗಳು ಪೈಪೋಟಿಗೆ ಬಿದ್ದು ತೆರಿಗೆ ಹಾಕಿದ್ರ ದೇಶದ ಖನಿಜ ವ್ಯವಸ್ಥೆ ಕೆಡ್ತದ ಅಂತ ಅವರು ಕಾರಣ ಕೊಟ್ಟಾರ. ಅದೇ ಆಗಸ್ಟ್ 14ಕ್ಕೆ ಕೋರ್ಟು ಮತ್ತೊಂದು ಆದೇಶ ಮಾಡಿತು. 2005ರ ಏಪ್ರಿಲ್ 1ರಿಂದ ಈಚಿನ ಹಳೇ ಬಾಕಿಯನ್ನ ರಾಜ್ಯಗಳು ಕೇಳಬಹುದು, ಆದ್ರ 2026ರ ಏಪ್ರಿಲಿನಿಂದ ಹನ್ನೆರಡು ವರ್ಷದ ಕಂತಿನಾಗ ಅಂತ.

ಊರಿಗೆ ಬಂದದ್ದೇನು?

1989ರಾಗ ಹೋದದ್ದು ಪಂಚಾಯತಿ ಕಾಯ್ದೆಯ ಸೆಸ್. 2024ರಾಗ ವಾಪಸ್ ಬಂದ ಹಕ್ಕು ವಿಧಾನಸಭೆಗೆ. ಅಲ್ಲಿಂದ ಗ್ರಾಮ ಪಂಚಾಯತಿಗೆ ಇಷ್ಟು ಪಾಲು ಅಂತ ಆ ತೀರ್ಪಿನಾಗ ಎಲ್ಲೂ ಇಲ್ಲ. ಅದನ್ನ ನಾವು ಬ್ಯಾರೆ ಕೇಳಬೇಕು.

ನಡುವೆ 2015ರಲ್ಲಿ ಗಣಿ ಕಾಯ್ದೆ ತಿದ್ದುಪಡಿ ಆಗಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದದ. ಹಳೇ ಗುತ್ತಿಗೆಯವರು ರಾಯಲ್ಟಿಯ ಶೇಕಡಾ 30, ಹರಾಜಿನಾಗ ಪಡೆದವರು ಶೇಕಡಾ 10 ಅದಕ್ಕ ಕಟ್ಟಬೇಕು. 2014ರ ದರದ ಪ್ರಕಾರ ಸಿಮೆಂಟಿನ ಸುಣ್ಣಕಲ್ಲಿಗೆ ಟನ್ನಿಗೆ 80 ರೂಪಾಯಿ ರಾಯಲ್ಟಿ. ಹಳೇ ಗುತ್ತಿಗೆ ಆದ್ರ ಪ್ರತಿಷ್ಠಾನಕ್ಕ ಟನ್ನಿಗೆ 24 ರೂಪಾಯಿ ಆಯಿತು. ಈ ರೊಕ್ಕದ ದೊಡ್ಡ ಪಾಲು ಗಣಿಯಿಂದ ಬಾಧೆ ಆದ ಊರಿನ ಕುಡಿಯೋ ನೀರು, ಆರೋಗ್ಯ, ಸಾಲಿ, ಪರಿಸರಕ್ಕ ಹೋಗಬೇಕು ಅಂತ ನಿಯಮ. ನಿಮ್ಮೂರು ಬಾಧಿತ ಊರಿನ ಪಟ್ಟಿಯಾಗ ಅದನೋ ಇಲ್ಲೋ, ಮೊದಲು ಅದನ್ನ ಕೇಳ್ರಿ.

ಗಾಯರಾಣದ ಬಗ್ಗೆಯೂ ಒಂದು ಮಾತು. ಬೆಂಗಳೂರು ಕಡೆಯ ಗೋಮಾಳ, ಭೂಸ್ವಾಧೀನದ ಕೆಂಚಪ್ಪ ಕೇಸಿನಾಗ ಸುಪ್ರೀಂ ಕೋರ್ಟು 2006ರ ಮೇ ತಿಂಗಳಾಗ ನಮ್ಮ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗೇ ಹೇಳ್ಯದ: ಭೂಮಿ ತಗೊಳೋ ಮೊದಲು ಪರಿಸರದ ಮ್ಯಾಲೆ ಏನಾಗ್ತದ ಅಂತ ನೋಡಬೇಕು, ಕಾರ್ಖಾನೆಗೆ ಭೂಮಿ ಕೊಡುವಾಗ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯ ಷರತ್ತು ಹಾಕಬೇಕು.

ತಮ್ಮನ ಪ್ರಶ್ನೆಗೆ ಉತ್ತರ

2006ರ ಸೆಪ್ಟೆಂಬರ್ 14ರ ಪರಿಸರ ಅಧಿಸೂಚನೆ ಪ್ರಕಾರ ದೊಡ್ಡ ಖಣಿಗೆ ಸಾರ್ವಜನಿಕ ಆಲಿಕೆ ಸಭೆ ಆಗಬೇಕು. ಹೋಗೋ ಮೊದಲು, ಹೋದ ಮ್ಯಾಲೆ ಇಷ್ಟು ಮಾಡ್ರಿ.

1. ಸಭೆಗೆ 30 ದಿನ ಮೊದಲು ಪತ್ರಿಕೆಯಾಗ ನೋಟಿಸ್ ಬಂದಿರಬೇಕು. ಆ ಕಟಿಂಗ್ ಇಟ್ಕೊಳ್ರಿ.

2. ಯೋಜನೆಯ ವರದಿಯ ಸಾರಾಂಶ ಕನ್ನಡದಾಗ ಇರಲೇಬೇಕು. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತಿಯಾಗ ಪ್ರತಿ ಇರ್ತದ. ಓದಿ ಹೋಗ್ರಿ. ನಿಮ್ಮ ಬಾವಿ, ಹಳ್ಳ, ಊರಿನ ದೂರ ಅದರಾಗ ಸರಿಯಾಗಿ ಬರೆದಾರೇನು ನೋಡ್ರಿ.

3. ಸಭೆಯಾಗ ಒದರಾಡಿದ್ರ ದಾಖಲೆ ಉಳಿಯಲ್ಲ. ಸರ್ವೆ ನಂಬರು, ಬೆಳಿ, ಎಕರೆಗೆ ಇಳುವರಿ, ಬಾವಿ ನೀರಿನ ಆಳ ಬರೆದ ಕಾಗದ ಎರಡು ಪ್ರತಿ ಒಯ್ರಿ. ಒಂದು ಕೊಟ್ಟು ಇನ್ನೊಂದರ ಮ್ಯಾಲೆ ಸ್ವೀಕೃತಿ ಸಿಕ್ಕಾ ಹಾಕಿಸ್ಕೊಳ್ರಿ.

4. ಸಭೆ ಮುಗಿದಾಗ ನಡಾವಳಿಯನ್ನ ಅಲ್ಲೇ ಕನ್ನಡದಾಗ ಓದಿ ಹೇಳಬೇಕು. ಓದೋವರೆಗೆ ಎದ್ದು ಬರಬ್ಯಾಡ್ರಿ. ನಿಮ್ಮ ಮಾತು ಬಿಟ್ಟಿದ್ರ ಆಗಲೇ ಹೇಳ್ರಿ.

5. ಒಪ್ಪಿಗೆ ಸಿಕ್ಕ ಮ್ಯಾಲೆ ಷರತ್ತಿನ ಪ್ರತಿ ಗ್ರಾಮ ಪಂಚಾಯತಿಗೂ ಬರ್ತದ. ಧೂಳು, ನೀರು, ಸಿಡಿಮದ್ದಿನ ಷರತ್ತು ಏನಾವ ಅಂತ ಗ್ರಾಮಸಭೆಯಾಗ ಓದಿಸ್ರಿ.

ಕೆಲಸ ಬೇಕು ಅನ್ನೋ ಹುಡುಗರೂ ನಮ್ಮವರೇ. ಕಾರ್ಖಾನೆ ಪಗಾರದ ಮ್ಯಾಲೆ ಮಕ್ಕಳನ್ನ ಓದಿಸಿದ ಮನಿ ವಾಡಿ, ಶಹಾಬಾದಿನಾಗ ಸಾವಿರ ಅವ. ಅವರನ್ನ ವೈರಿ ಮಾಡ್ಕೊಳೋದು ಬ್ಯಾಡ. ಕೂಲಿ ಕೊಡದೇ ನಡೆಯೋ ಕಾರ್ಖಾನೆ ಬ್ಯಾಡ ಅಂತ ಅವರೂ ಅಂತಾರ. ಧೂಳು ಹಿಡಿಯದೇ ನಡೆಯೋದೂ ಬ್ಯಾಡ ಅಂತ ನಾವು ಕೇಳ್ತೀವಿ. ಈ ಎರಡು ಮಾತನ್ನ ಒಂದೇ ವಾಕ್ಯದಾಗ ಕೂಡಿಸಿ ಎಂಗಳಗುಪ್ಪೆಯವರು 1987ರಾಗೇ ಬರೆದಿಟ್ಟಾರ. ಸಭೆಯಾಗ ಕೊಡೋ ಕಾಗದದ ಮೊದಲ ಸಾಲಿಗೆ ಅದನ್ನೇ ಬರೀ ತಮ್ಮಾ, ಕೆಳಗ ನಿನ್ನ ಸರ್ವೆ ನಂಬರು ಹಾಕು.

ನಿಮ್ಮೂರಿನ ಹೆಸರು ಬಾಧಿತ ಪಟ್ಟಿಯಾಗ ಅದನೋ ಇಲ್ಲೋ ಗೊತ್ತಾದವರು ತಿಳಿಸ್ರಿ. ಮುಂದಿನ ವಾರ ತೊಗರಿ ಕುಡಿ ಚಿವುಟೋದರ ಬಗ್ಗೆ ಬರೀತೀನಿ.